ಟೆಸ್ಟ್ ಮೇಲ್ ಬಂತು, ನೋಟಿಫಿಕೇಶನ್ ಎಲ್ಲಿ ಹೋಯಿತು?

ವಿಕಿ, ಕಾರ್ಯಪಟ್ಟಿ, ಫೈಲ್ ಹಂಚಿಕೆಯಂಥ ತಂಡದ ತಂತ್ರಾಂಶಗಳಿಂದ ಹೊರಹೋಗುವ ಮೇಲ್ ಕುರಿತು ಓದುಗರ ಪ್ರಶ್ನೆಗಳು, ತಜ್ಞರ ಉತ್ತರಗಳು

ಪ್ರಶ್ನೆ: ತಂಡದ ಬಳಕೆಗೆ ಮೀಡಿಯಾವಿಕಿ ಮತ್ತು ಫೈಲ್ ಹಂಚಿಕೆಗೆ ನೆಕ್ಸ್ಟ್‌ಕ್ಲೌಡ್ ಹಾಕಿಕೊಂಡಿದ್ದೇವೆ. ಎರಡಕ್ಕೂ ಎಸ್‌ಎಂಟಿಪಿ (ಮೇಲ್ ಕಳಿಸುವ ವಿಧಾನ) ವಿವರ ಕೊಟ್ಟಿದ್ದೇನೆ. ಟೆಸ್ಟ್ ಮೇಲ್ ಕೂಡಲೇ ಬರುತ್ತದೆ. ಆದರೆ ಪುಟ ಬದಲಾದಾಗ, ಫೈಲ್ ಹಂಚಿದಾಗ ಹೋಗಬೇಕಾದ ಮೇಲ್ ಗಂಟೆಗಟ್ಟಲೆ ತಡವಾಗುತ್ತದೆ, ಕೆಲವರಿಗಂತೂ ಬರುವುದೇ ಇಲ್ಲ. ಎಸ್‌ಎಂಟಿಪಿ ಸೆಟ್ಟಿಂಗ್‌ನಲ್ಲೇ ತಪ್ಪಿದೆಯೇ?

ಇಲ್ಲ, ಅದನ್ನು ಮುಟ್ಟಬೇಡಿ. ಟೆಸ್ಟ್ ಮೇಲ್ ಬಂದಿದೆ ಎಂದರೆ ಆ ಭಾಗ ಸರಿಯಿದೆ. ತೊಂದರೆ ಇರುವುದು ಅದಕ್ಕಿಂತ ಹಿಂದಿನ ಹಂತಗಳಲ್ಲಿ.

ಪುಟ ಬದಲಾದಾಗ ತಂತ್ರಾಂಶ ಮೊದಲು ಯಾರಿಗೆ ತಿಳಿಸಬೇಕು ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಆ ಕೆಲಸವನ್ನು ಸರದಿಯಲ್ಲಿ ಇಡುತ್ತದೆ. ಹಿನ್ನೆಲೆಯಲ್ಲಿ ಓಡುವ ಇನ್ನೊಂದು ಪ್ರೋಗ್ರಾಂ ಸರದಿಯಿಂದ ಕೆಲಸ ಎತ್ತಿಕೊಂಡು ಮೇಲ್ ಸರ್ವರ್‌ಗೆ ಒಪ್ಪಿಸುತ್ತದೆ. ಟೆಸ್ಟ್ ಮೇಲ್ ಸಾಮಾನ್ಯವಾಗಿ ಮೊದಲ ಮೂರು ಹಂತಗಳನ್ನು ದಾಟದೆ ನೇರವಾಗಿ ಸರ್ವರ್‌ಗೆ ಹೋಗುತ್ತದೆ. ಹಾಗಾಗಿ ಅದು ಬಂದರೂ ನೋಟಿಫಿಕೇಶನ್ ನಿಲ್ಲಬಹುದು.

ತಡವಾಗುವುದಕ್ಕೆ ಕಾರಣ ಬಹುಮಟ್ಟಿಗೆ ಸರದಿ. ಮೀಡಿಯಾವಿಕಿಯಲ್ಲಿ ಬೇರೆ ಏರ್ಪಾಡು ಮಾಡದಿದ್ದರೆ, ಯಾರಾದರೂ ಪುಟ ತೆರೆದಾಗಲೇ ಸರದಿಯ ಕೆಲಸ ನಡೆಯುತ್ತದೆ, ಅದೂ ಒಂದು ವಿನಂತಿಗೆ ಒಂದು ಕೆಲಸದಂತೆ. ಓಡಾಟ ಕಡಿಮೆ ಇರುವ ವಿಕಿಯಲ್ಲಿ ಮಧ್ಯಾಹ್ನದ ಬದಲಾವಣೆಯ ಮೇಲ್ ಸಂಜೆ ಯಾರೋ ಬಂದು ಪುಟ ತೆರೆಯುವವರೆಗೂ ಕಾಯುತ್ತದೆ. ಜಾಬ್ ರನ್ ರೇಟ್ ಎಂಬ ಸೆಟ್ಟಿಂಗ್ ಅನ್ನು 0 ಮಾಡಿ, ತಂತ್ರಾಂಶದ ಜೊತೆಗೇ ಬರುವ ರನ್‌ಜಾಬ್ಸ್ ಸ್ಕ್ರಿಪ್ಟನ್ನು ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸೌಲಭ್ಯ) ಮೂಲಕ ನಿಮಿಷಕ್ಕೊಮ್ಮೆ ಓಡಿಸಿ. ನೆಕ್ಸ್ಟ್‌ಕ್ಲೌಡ್‌ನಲ್ಲಿ ಹಿನ್ನೆಲೆ ಕೆಲಸದ ವಿಧಾನ ‘ಅಜಾಕ್ಸ್’ ಎಂದಿದ್ದರೆ ಅಲ್ಲೂ ಇದೇ ಕಥೆ. ‘ಕ್ರಾನ್’ ಆಯ್ದು, 5 ನಿಮಿಷಕ್ಕೊಮ್ಮೆ ಓಡುವಂತೆ ಮಾಡಿ. ಆ ಕ್ರಾನ್ ವೆಬ್ ಸರ್ವರ್‌ನ ಬಳಕೆದಾರನ ಹೆಸರಿನಲ್ಲೇ ಓಡಬೇಕು, ರೂಟ್ (ಯಂತ್ರದ ಪೂರ್ಣಾಧಿಕಾರದ ಖಾತೆ) ಹೆಸರಿನಲ್ಲಲ್ಲ. ಗಿಟ್‌ಲ್ಯಾಬ್ (ಕೋಡ್ ನಿರ್ವಹಣೆಯ ತಂತ್ರಾಂಶ) ಇದ್ದವರು ಅದರ ಹಿನ್ನೆಲೆ ಪ್ರೋಗ್ರಾಂ ಸೈಡ್‌ಕಿಕ್ ಜೀವಂತ ಇದೆಯೇ ಎಂದು ಮೊದಲು ನೋಡಲಿ. ಮೇಲ್ ಸೆಟ್ಟಿಂಗ್ ಬದಲಿಸಿದ ಮೇಲೆ ವೆಬ್ ಭಾಗವನ್ನಷ್ಟೇ ಮರುಚಾಲನೆ ಮಾಡಿದರೆ, ಹಿನ್ನೆಲೆಯ ಪ್ರೋಗ್ರಾಂ ಹಳೆಯ ಪಾಸ್‌ವರ್ಡ್ ಹಿಡಿದುಕೊಂಡೇ ಓಡುತ್ತಿರುತ್ತದೆ. ಇದು ಪದೇಪದೇ ಕಾಣುವ ತಪ್ಪು.

ಇನ್ನು ಬರುವುದೇ ಇಲ್ಲ ಎನ್ನುವವರ ವಿಷಯ. ಅಂಥ ಒಬ್ಬ ಸದಸ್ಯರ ಖಾತೆಯನ್ನು ಎದುರಿಗಿಟ್ಟುಕೊಂಡು ನೋಡಿ. ಅವರು ಆ ಪುಟವನ್ನು ವೀಕ್ಷಣಾಪಟ್ಟಿಗೆ ಸೇರಿಸಿದ್ದಾರೆಯೇ? ಪಟ್ಟಿಯ ಪುಟ ಬದಲಾದಾಗ ಮೇಲ್ ಬೇಕು ಎಂಬ ಆಯ್ಕೆಯನ್ನು ತಮ್ಮ ಪ್ರಾಶಸ್ತ್ಯಗಳಲ್ಲಿ ಗುರುತಿಸಿದ್ದಾರೆಯೇ? ತಮ್ಮ ಮೇಲ್ ವಿಳಾಸವನ್ನು ದೃಢೀಕರಿಸಿದ್ದಾರೆಯೇ? ದೃಢೀಕರಿಸದ ವಿಳಾಸಕ್ಕೆ ಮೀಡಿಯಾವಿಕಿ ನೋಟಿಫಿಕೇಶನ್ ಕಳಿಸುವುದಿಲ್ಲ. ಬದಲಾವಣೆ ಮಾಡಿದವರಿಗೇ ಮೇಲ್ ಹೋಗುವುದಿಲ್ಲವಾದ್ದರಿಂದ ಒಂದೇ ಖಾತೆಯಲ್ಲಿ ಬದಲಿಸಿ ಅದೇ ಖಾತೆಗೆ ಕಾಯುವುದು ವ್ಯರ್ಥ, ಪರೀಕ್ಷೆಗೆ ಎರಡು ಖಾತೆ ಬೇಕು. ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಇನ್ನೊಂದು ನಿಯಮ: ಒಂದು ಪುಟದ ಬಗ್ಗೆ ಒಮ್ಮೆ ಮೇಲ್ ಹೋದರೆ, ಸದಸ್ಯರು ಲಾಗಿನ್ ಆಗಿ ಆ ಪುಟವನ್ನು ನೋಡುವವರೆಗೂ ಅದೇ ಪುಟಕ್ಕೆ ಮತ್ತೊಂದು ಮೇಲ್ ಹೋಗುವುದಿಲ್ಲ. ‘ಮೊದಲ ದಿನ ಬಂತು, ಆಮೇಲೆ ನಿಂತಿತು’ ಎನ್ನುವ ದೂರಿನ ಹಿಂದೆ ಇರುವುದು ಇದೇ. ಇದು ದೋಷವಲ್ಲ, ಡಬ್ಬಿ ತುಂಬದಿರಲೆಂದು ಮಾಡಿದ ಏರ್ಪಾಡು. ಸದಸ್ಯರಿಗೆ ಮೊದಲೇ ಹೇಳಿಬಿಡಿ.

ನೆಕ್ಸ್ಟ್‌ಕ್ಲೌಡ್‌ನಲ್ಲಿ ಚಟುವಟಿಕೆಯ ಮೇಲ್ ಕೂಡಲೇ ಬೇಕೇ, ಗಂಟೆಗೊಮ್ಮೆ, ದಿನಕ್ಕೊಮ್ಮೆ, ವಾರಕ್ಕೊಮ್ಮೆ ಸಾಕೇ ಎಂಬುದನ್ನು ಸದಸ್ಯರೇ ಆರಿಸಿಕೊಳ್ಳಬಹುದು. ತಡವಾಯಿತು ಎಂದವರ ಆಯ್ಕೆ ಏನಿದೆ ಎಂದು ಕೇಳಿ ನೋಡಿ.

ಪ್ರಶ್ನೆ: ಪೋರ್ಟ್ (ಸರ್ವರ್‌ನ ಸಂಪರ್ಕದ್ವಾರದ ಸಂಖ್ಯೆ) 25, 465, 587 ಮೂರನ್ನೂ ಹಾಕಿ ನೋಡಿದೆ. ಒಂದರಲ್ಲಿ ಟೈಮ್‌ಔಟ್, ಇನ್ನೊಂದರಲ್ಲಿ ‘ರಾಂಗ್ ವರ್ಷನ್ ನಂಬರ್’ ಎಂಬ ಎರರ್. ಕಮಾಂಡ್ ಲೈನ್‌ನಿಂದ ಕಳಿಸಿದರೆ ಹೋಗುತ್ತದೆ, ವೆಬ್‌ನಿಂದ ಹೋಗುವುದಿಲ್ಲ.

ಪೋರ್ಟ್ ಮತ್ತು ಎನ್‌ಕ್ರಿಪ್ಶನ್ ವಿಧಾನ ಜೋಡಿಯಾಗಿ ಹೊಂದಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಕೆಡುತ್ತದೆ. 465ರಲ್ಲಿ ಸಂಪರ್ಕ ಶುರುವಾಗುವುದೇ ಟಿಎಲ್‌ಎಸ್ ಎಂಬ ಎನ್‌ಕ್ರಿಪ್ಶನ್‌ನಿಂದ. 587ರಲ್ಲಿ ಸಾದಾ ಮಾತಿನಿಂದ ಶುರುವಾಗಿ, ‘ಸ್ಟಾರ್ಟ್‌ಟಿಎಲ್‌ಎಸ್’ ಎಂದ ಮೇಲೆ ಗೂಢವಾಗುತ್ತದೆ. 587ಕ್ಕೆ ಹೋಗಿ ನೇರವಾಗಿ ಟಿಎಲ್‌ಎಸ್ ಶುರುಮಾಡಿದರೆ, ಸರ್ವರ್ ಕಳಿಸುವ ಸಾದಾ ಸ್ವಾಗತದ ಸಾಲನ್ನು ನಿಮ್ಮ ತಂತ್ರಾಂಶ ಟಿಎಲ್‌ಎಸ್ ಎಂದುಕೊಂಡು ಓದಲು ಹೋಗಿ ‘ರಾಂಗ್ ವರ್ಷನ್ ನಂಬರ್’ ಎನ್ನುತ್ತದೆ. ಅದರ ತಿರುಗುಮುರುಗು ಇನ್ನೂ ಕಾಡುತ್ತದೆ. 465ಕ್ಕೆ ಹೋಗಿ ಸ್ಟಾರ್ಟ್‌ಟಿಎಲ್‌ಎಸ್ ವಿಧಾನ ಇಟ್ಟರೆ ನೀವು ಸರ್ವರ್‌ನ ಸ್ವಾಗತಕ್ಕೆ ಕಾಯುತ್ತೀರಿ, ಸರ್ವರ್ ನಿಮ್ಮ ಟಿಎಲ್‌ಎಸ್ ಆರಂಭಕ್ಕೆ ಕಾಯುತ್ತದೆ, ಕೊನೆಗೆ ಟೈಮ್‌ಔಟ್. ಎಷ್ಟೋ ತಂತ್ರಾಂಶಗಳಲ್ಲಿ ಮೊದಲ ವಿಧಾನಕ್ಕೆ ‘ಎಸ್‌ಎಸ್‌ಎಲ್’, ಎರಡನೆಯದಕ್ಕೆ ‘ಟಿಎಲ್‌ಎಸ್’ ಎಂದು ಹೆಸರಿಟ್ಟಿರುತ್ತಾರೆ. ಹೆಸರು ನೋಡಿ ಮೋಸಹೋಗಬೇಡಿ. ನಿಮ್ಮ ಮೇಲ್ ಸೇವೆ ಎರಡನ್ನೂ ಕೊಡುವುದಾದರೆ 465 ಆರಿಸಿಕೊಳ್ಳಿ, ಅಂತರ್ಜಾಲದ ಮಾನದಂಡ ದಾಖಲೆಯಾದ 2018ರ ಆರ್‌ಎಫ್‌ಸಿ 8314 ಹೇಳುವುದೂ ಅದನ್ನೇ.

25 ಇರುವುದು ಸರ್ವರ್‌ನಿಂದ ಸರ್ವರ್‌ಗೆ. ಗೂಗಲ್ ಕ್ಲೌಡ್, ಅಮೆಜಾನ್ ಇಸಿ2 ಮುಂತಾದ ಕಡೆ ಹೊರಹೋಗುವ 25ನ್ನು ಮೊದಲೇ ತಡೆದಿರುತ್ತಾರೆ. ಅಲ್ಲಿ ಟೈಮ್‌ಔಟ್ ಬಂದರೆ ನಿಮ್ಮ ಫೈರ್‌ವಾಲ್ ಕೆದಕುತ್ತಾ ಕೂರಬೇಡಿ.

ಕಮಾಂಡ್ ಲೈನ್‌ನಿಂದ ಹೋಗುತ್ತದೆ, ವೆಬ್‌ನಿಂದ ಹೋಗುವುದಿಲ್ಲ ಎಂಬ ಮಾತು ಬಂದೊಡನೆ ಎರಡು ಅನುಮಾನ ಏಳಬೇಕು. ರೆಡ್‌ಹ್ಯಾಟ್ ಬಳಗದ ಲಿನಕ್ಸ್‌ನಲ್ಲಿ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ವೆಬ್ ಸರ್ವರ್‌ಗೆ ಹೊರಗೆ ಸಂಪರ್ಕ ಮಾಡಲು ಬಿಡುವುದಿಲ್ಲ. ವೆಬ್ ಸರ್ವರ್ ಮೇಲ್ ಕಳಿಸಲು ಇರುವ ಬೂಲಿಯನ್ (ಆನ್-ಆಫ್ ಸ್ವಿಚ್) ಒಂದನ್ನು ಶಾಶ್ವತವಾಗಿ ಆನ್ ಮಾಡಿದರೆ ಸಾಕು, ಇಡೀ ಎಸ್‌ಇಲಿನಕ್ಸನ್ನು ಆಫ್ ಮಾಡಬೇಕಿಲ್ಲ. ತಂತ್ರಾಂಶ ಡಾಕರ್ ಕಂಟೈನರ್ (ಯಂತ್ರದೊಳಗಿನ ಪ್ರತ್ಯೇಕ ಆವರಣ) ಒಳಗಿದ್ದರೆ ಸರ್ವರ್ ಹೆಸರಿನ ಜಾಗದಲ್ಲಿ ‘ಲೋಕಲ್‌ಹೋಸ್ಟ್’ (‘ಇದೇ ಯಂತ್ರ’ ಎಂಬರ್ಥದ ಹೆಸರು) ಎಂದು ಬರೆದಿದ್ದೀರಾ ನೋಡಿ. ಕಂಟೈನರ್‌ನ ಲೋಕಲ್‌ಹೋಸ್ಟ್ ಆ ಕಂಟೈನರೇ ಹೊರತು ನಿಮ್ಮ ಯಂತ್ರವಲ್ಲ, ಅಲ್ಲಿ ಮೇಲ್ ಸರ್ವರ್ ಇರುವುದಿಲ್ಲ.

535 ಎಂಬ ಕೋಡ್ ಬಂದರೆ ಬಳಕೆದಾರ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. ಜಿಮೇಲ್‌ನ ವೈಯಕ್ತಿಕ ಖಾತೆಗಳಿಗೆ ಮಾಮೂಲಿ ಪಾಸ್‌ವರ್ಡ್‌ನಿಂದ ಹೀಗೆ ಲಾಗಿನ್ ಆಗುವ ದಾರಿ 2022ರಲ್ಲೇ ಮುಚ್ಚಿತು. ಎರಡು ಹಂತದ ದೃಢೀಕರಣ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಆದರೆ ಉಚಿತ ಜಿಮೇಲ್‌ಗೆ ದಿನಕ್ಕೆ 500ರ ಮಿತಿ ಇದೆ. ಮೂವತ್ತು ಜನರ ತಂಡದಲ್ಲಿ ಪ್ರತಿ ಬದಲಾವಣೆಗೂ ಎಲ್ಲರಿಗೂ ಮೇಲ್ ಹೋದರೆ ಹದಿನೇಳು ಬದಲಾವಣೆಗೇ ಮಿತಿ ಮೀರುತ್ತದೆ. ತಂಡದ ಕೆಲಸಕ್ಕೆ ಅದನ್ನು ನೆಚ್ಚಬೇಡಿ.

ಸರ್ಟಿಫಿಕೇಟ್ ಎರರ್ ಬಂದಾಗ ‘ಪರಿಶೀಲನೆ ಬೇಡ’ ಎಂಬ ಆಯ್ಕೆ ಒತ್ತಿ ಮುಂದೆ ಹೋಗುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ, ಮೇಲ್ ಖಾತೆಯ ಪಾಸ್‌ವರ್ಡ್ ದಾಟುವುದು ಅದೇ ಸಂಪರ್ಕದಲ್ಲಿ. ಬಹಳ ಸಲ ಸರ್ವರ್‌ನ ಹೆಸರಿನ ಬದಲು ಐಪಿ ಸಂಖ್ಯೆ ಬರೆದದ್ದೇ ಕಾರಣವಾಗಿರುತ್ತದೆ. ಸರ್ಟಿಫಿಕೇಟ್‌ನಲ್ಲಿರುವ ಹೆಸರನ್ನೇ ಬರೆದರೆ ಮುಗಿಯಿತು.

ಪ್ರಶ್ನೆ: ಯಾರು ಕಮೆಂಟ್ ಮಾಡಿದರೋ ಅವರ ಮೇಲ್ ವಿಳಾಸವೇ ‘ಫ್ರಮ್’ನಲ್ಲಿ ಕಾಣುವಂತೆ ಮಾಡಿದ್ದೇವೆ, ಉತ್ತರಿಸಲು ಸುಲಭ ಎಂದು. ಕೆಲವು ಮೇಲ್ ಸ್ಪ್ಯಾಮ್‌ಗೆ ಹೋಗುತ್ತವೆ, ಕೆಲವು 550 5.7.26 ಎಂಬ ಕೋಡ್‌ನೊಂದಿಗೆ ಹಿಂದಿರುಗುತ್ತವೆ.

ಆ ಏರ್ಪಾಡನ್ನು ಇವತ್ತೇ ತೆಗೆಯಿರಿ. ಕಮೆಂಟ್ ಮಾಡಿದವರ ವಿಳಾಸ ಯಾಹೂದ್ದಾಗಿದ್ದರೆ, ಯಾಹೂ ಹೆಸರಿನಲ್ಲಿ ಮೇಲ್ ಕಳಿಸುತ್ತಿರುವುದು ನಿಮ್ಮ ಸರ್ವರ್. ಸ್ವೀಕರಿಸುವವರ ಕಣ್ಣಿಗೆ ಅದು ನಕಲಿ ಸಹಿಯೇ. ತನ್ನ ಹೆಸರಿನಲ್ಲಿ ಬೇರೆಯವರು ಕಳಿಸಿದ ಮೇಲನ್ನು ತಿರಸ್ಕರಿಸಿ ಎಂದು ಯಾಹೂ 2014ರಲ್ಲೇ ಘೋಷಿಸಿತು. ನಿಮಗೆ ಸಿಕ್ಕ ಕೋಡ್ ಹೇಳುತ್ತಿರುವುದೂ ಇಷ್ಟೇ: ಕಳಿಸಿದವರು ಯಾರೆಂದು ಖಾತ್ರಿಯಾಗಲಿಲ್ಲ.

ಫ್ರಮ್‌ನಲ್ಲಿ ನಿಮ್ಮದೇ ಡೊಮೇನ್‌ನ ಒಂದು ಸ್ಥಿರ ವಿಳಾಸ ಇರಲಿ. ತೋರುವ ಹೆಸರಿನ ಜಾಗದಲ್ಲಿ ‘ಇಂಥವರು, ವಿಕಿಯ ಮೂಲಕ’ ಎಂದು ಹಾಕಿ. ಉತ್ತರ ನೇರವಾಗಿ ಆ ವ್ಯಕ್ತಿಗೆ ಹೋಗಬೇಕಿದ್ದರೆ ಅವರ ವಿಳಾಸ ‘ರಿಪ್ಲೈ-ಟು’ನಲ್ಲಿ ಇರಲಿ. ನೀವು ಬಯಸಿದ ಅನುಕೂಲ ಪೂರ್ತಿ ಉಳಿಯುತ್ತದೆ.

ಆಮೇಲೆ ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿವರ ಇರುವ ಸಾರ್ವಜನಿಕ ವ್ಯವಸ್ಥೆ) ಮೂರು ದಾಖಲೆ. ಎಸ್‌ಪಿಎಫ್, ಈ ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್‌ಗಳು ಕಳಿಸಬಹುದು ಎಂಬ ಪಟ್ಟಿ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಹೊಸ ಮೇಲ್ ಸೇವೆ ಸೇರಿಸುವಾಗ ಹಳೆಯದನ್ನು ತಿದ್ದುವ ಬದಲು ಎರಡನೆಯದನ್ನು ಬರೆದರೆ ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ. ಅದರೊಳಗಿನ ಡಿಎನ್‌ಎಸ್ ಹುಡುಕಾಟಗಳೂ 10 ಮೀರಬಾರದು. ಡಿಕಿಮ್ ಎಂದರೆ ಪ್ರತಿ ಮೇಲ್‌ಗೆ ಸರ್ವರ್ ಹಾಕುವ ಸಹಿ, ಕೀಲಿ 2048 ಬಿಟ್ ಇರಲಿ. ಸಹಿ ಹಾಕಿದ ಮೇಲೆ ಮುಂದಿನ ಸರ್ವರ್ ಮೇಲ್‌ನ ಕೆಳಗೆ ಹಕ್ಕುಸ್ವಾಮ್ಯದ ಸಾಲೋ ಗೌಪ್ಯತೆಯ ಸೂಚನೆಯೋ ಸೇರಿಸಿದರೆ ಸಹಿ ಮುರಿಯುತ್ತದೆ, ಹಾಗಾಗಿ ಸಹಿ ಬೀಳುವುದು ಕೊನೆಯ ಹಂತದಲ್ಲೇ ಆಗಬೇಕು. ಡಿಮಾರ್ಕ್, ಎರಡೂ ಸೋತರೆ ಏನು ಮಾಡಬೇಕೆಂಬ ನಿಮ್ಮ ಸೂಚನೆ. ಮೊದಲು ನೀತಿಯನ್ನು ‘ನನ್’ (ಏನೂ ಮಾಡಬೇಡಿ) ಎಂದಿಟ್ಟು, ವರದಿ ಬರುವ ವಿಳಾಸ ಕೊಟ್ಟು, ಕೆಲವು ವಾರ ವರದಿ ಓದಿ. ನಿಮ್ಮದೇ ಹಳೆಯ ಸರ್ವರ್ ಒಂದು ಎಲ್ಲಿಂದಲೋ ಮೇಲ್ ಕಳಿಸುತ್ತಿರುವುದು ಆಗ ಗೊತ್ತಾಗುತ್ತದೆ. ಅದಾದ ಮೇಲೆ ‘ಕ್ವಾರಂಟೈನ್’, ನಂತರ ‘ರಿಜೆಕ್ಟ್’.

ಎಸ್‌ಪಿಎಫ್ ಪಾಸ್ ಆದರೂ ಡಿಮಾರ್ಕ್ ಫೇಲ್ ಆಗುವುದನ್ನು ನೋಡಿ ಅನೇಕರು ಕಂಗಾಲಾಗುತ್ತಾರೆ. ಕಾರಣ ಸರಳ: ಎಸ್‌ಪಿಎಫ್ ನೋಡುವುದು ಓದುಗರಿಗೆ ಕಾಣುವ ಫ್ರಮ್ ಅನ್ನಲ್ಲ, ಬೌನ್ಸ್ (ಮೇಲ್ ತಲುಪಲಿಲ್ಲ ಎಂಬ ಸೂಚನೆ) ಹಿಂದಿರುಗಬೇಕಾದ ‘ರಿಟರ್ನ್-ಪಾತ್’ ವಿಳಾಸವನ್ನು. ಪಿಎಚ್‌ಪಿ ಭಾಷೆಯ ಮೇಲ್ ಫಂಕ್ಷನ್ ಮೂಲಕ ಕಳಿಸಿದರೆ ಅಲ್ಲಿ ವೆಬ್ ಸರ್ವರ್‌ನ ಬಳಕೆದಾರ ಹೆಸರೂ ಯಂತ್ರದ ಹೆಸರೂ ಕೂಡಿ ಒಂದು ವಿಳಾಸ ತಾನಾಗಿ ಕೂರುವುದುಂಟು. ಕಾಣುವ ಡೊಮೇನ್ ಒಂದು, ಪರೀಕ್ಷೆಗೆ ಒಳಗಾದ ಡೊಮೇನ್ ಇನ್ನೊಂದು ಆದರೆ ಡಿಮಾರ್ಕ್ ಒಪ್ಪದು. ಆ ಫಂಕ್ಷನ್ ಬಿಟ್ಟು ಎಸ್‌ಎಂಟಿಪಿಗೆ ಬನ್ನಿ, ರಿಟರ್ನ್-ಪಾತ್‌ನಲ್ಲೂ ನಿಮ್ಮ ಡೊಮೇನ್ ಇರಲಿ, ಬೌನ್ಸ್ ಬಂದು ಬೀಳುವ ಆ ಡಬ್ಬಿಯನ್ನು ಯಾರಾದರೂ ತೆರೆದು ನೋಡಲಿ.

ಎಲ್ಲ ಮುಗಿದ ಮೇಲೆ ಒಂದು ನೋಟಿಫಿಕೇಶನ್ ಅನ್ನು ಜಿಮೇಲ್ ಖಾತೆಗೆ ತರಿಸಿ, ಮೂಲರೂಪ ತೋರಿಸುವ ಆಯ್ಕೆ ಒತ್ತಿ. ಮೇಲ್ತುದಿಯಲ್ಲೇ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಎದುರೂ ಪಾಸ್ ಎಂದಿರಬೇಕು. 2024ರ ಫೆಬ್ರವರಿಯಿಂದ ಜಿಮೇಲ್ ಸಣ್ಣ ಕಳುಹಿಸುಗರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ ಮಾಡಿದೆ. ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರಿಗೆ ಮೂರೂ ಬೇಕು.

ಪ್ರಶ್ನೆ: ಮೇಲ್‌ಗೆ ಉತ್ತರಿಸಿದರೆ ಅದು ಕಮೆಂಟ್ ಆಗಿ ಸೇರುತ್ತದೆ. ರಜೆಯಲ್ಲಿದ್ದ ಸದಸ್ಯರ ಸ್ವಯಂಚಾಲಿತ ಉತ್ತರ ಕಮೆಂಟ್ ಆಯಿತು, ಅದಕ್ಕೆ ಮತ್ತೆ ನೋಟಿಫಿಕೇಶನ್, ಅದಕ್ಕೆ ಮತ್ತೆ ಉತ್ತರ. ರಾತ್ರಿಯಿಡೀ ನಡೆದಿದೆ.

ಎರಡೂ ತುದಿಯಲ್ಲಿ ತಡೆ ಹಾಕಬೇಕು. ಹೊರಹೋಗುವ ಪ್ರತಿ ನೋಟಿಫಿಕೇಶನ್‌ನಲ್ಲಿ ‘ಆಟೋ-ಸಬ್ಮಿಟೆಡ್’ ಎಂಬ ಹೆಡರ್ (ಮೇಲ್‌ನ ತಲೆಭಾಗದ ಸಾಲು) ಇದ್ದು, ಅದರ ಮೌಲ್ಯ ‘ಆಟೋ-ಜನರೇಟೆಡ್’ ಎಂದಿರಲಿ. ಆರ್‌ಎಫ್‌ಸಿ 3834 ಪಾಲಿಸುವ ಸರ್ವರ್‌ಗಳು ಅದನ್ನು ಕಂಡರೆ ರಜೆಯ ಉತ್ತರ ಕಳಿಸುವುದಿಲ್ಲ. ಒಳಬರುವ ಕಡೆ, ಅದೇ ಹೆಡರ್‌ನಲ್ಲಿ ‘ನೋ’ ಬಿಟ್ಟು ಬೇರೇನೇ ಇದ್ದರೂ ಆ ಮೇಲನ್ನು ಕಮೆಂಟ್ ಮಾಡದೆ ಪಕ್ಕಕ್ಕಿಡಿ. ರಿಟರ್ನ್-ಪಾತ್ ಖಾಲಿ ಇರುವ ಮೇಲ್‌ಗಳು ಬೌನ್ಸ್‌ಗಳು, ಅವುಗಳನ್ನೂ ಹಾಗೇ ಮಾಡಿ.

ಪ್ರಶ್ನೆ: ಕನ್ನಡದ ಶೀರ್ಷಿಕೆ ಚಿಕ್ಕದಿದ್ದರೆ ಸರಿ ಕಾಣುತ್ತದೆ, ಉದ್ದವಾದರೆ ನಡುನಡುವೆ ಪ್ರಶ್ನೆಚಿಹ್ನೆಯ ಚೌಕಗಳು. ಮೇಲ್‌ನೊಳಗಿನ ಲಿಂಕ್‌ಗಳೂ ಲೋಕಲ್‌ಹೋಸ್ಟ್‌ಗೆ ಹೋಗುತ್ತವೆ.

ಹೆಡರ್‌ನಲ್ಲಿ ಕನ್ನಡ ನೇರವಾಗಿ ಹೋಗುವುದಿಲ್ಲ, ಸಂಕೇತದ ತುಂಡುಗಳಾಗಿ ಹೋಗುತ್ತದೆ. ಒಂದು ತುಂಡು 75 ಅಕ್ಷರ ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ತಂತ್ರಾಂಶ ಬೈಟ್ ಎಣಿಸಿ ಕತ್ತರಿಸಿದರೆ ಕೆಲವೊಮ್ಮೆ ಆ ಮೂರರ ನಡುವೆಯೇ ಕತ್ತರಿ ಬೀಳುತ್ತದೆ, ಆಗ ಎರಡೂ ಕಡೆಯ ತುಣುಕು ಓದಲಾಗದೆ ಚೌಕವಾಗುತ್ತದೆ. ಚಿಕ್ಕ ಶೀರ್ಷಿಕೆ ಒಂದೇ ತುಂಡಿನಲ್ಲಿ ಮುಗಿಯುವುದರಿಂದ ಸರಿ ಕಾಣುತ್ತದೆ. ಇದು ಶೀರ್ಷಿಕೆಯನ್ನು ಕೈಯಾರೆ ಸಂಕೇತಿಸುವ ಹಳೆಯ ಪ್ಲಗಿನ್‌ಗಳ ದೋಷ. ಅದನ್ನು ನವೀಕರಿಸಿ, ಆಗದಿದ್ದರೆ ಶೀರ್ಷಿಕೆಯ ಕೆಲಸವನ್ನು ಮೇಲ್ ಲೈಬ್ರರಿಗೇ ಬಿಡಿ.

ಲಿಂಕ್‌ನ ವಿಷಯ ಸುಲಭ. ಹಿನ್ನೆಲೆ ಪ್ರೋಗ್ರಾಂಗೆ ಬ್ರೌಸರ್ ಇಲ್ಲ, ತಾಣದ ವಿಳಾಸ ಏನೆಂದು ಅದಕ್ಕೆ ನೀವೇ ಹೇಳಬೇಕು. ಕಾರ್ಯಪಟ್ಟಿಯ ತಂತ್ರಾಂಶವಾದ ರೆಡ್‌ಮೈನ್‌ನಲ್ಲಿ ಸಾಮಾನ್ಯ ಸೆಟ್ಟಿಂಗ್‌ನ ಹೋಸ್ಟ್ ಹೆಸರು ಮತ್ತು ಪ್ರೋಟೊಕಾಲ್, ನೆಕ್ಸ್ಟ್‌ಕ್ಲೌಡ್‌ನಲ್ಲಿ ಕಾನ್ಫಿಗ್ ಕಡತದ ‘ಓವರ್‌ರೈಟ್ ಸಿಎಲ್‌ಐ ಯುಆರ್‌ಎಲ್’ ತುಂಬಿ. ಎಚ್‌ಟಿಟಿಪಿಎಸ್ ಎಂಬುದನ್ನು ಮರೆಯದೆ ಬರೆಯಿರಿ.

ಪ್ರಶ್ನೆ: ಹಳೆಯ ವ್ಯವಸ್ಥೆಯಿಂದ ಸಾವಿರಾರು ಕಾರ್ಯಗಳನ್ನು ಹೊಸದಕ್ಕೆ ತುಂಬಿದಾಗ ಪ್ರತಿಯೊಂದಕ್ಕೂ ಮೇಲ್ ಹೊರಟಿದೆ. ಈಗಲೂ ಹೋಗುತ್ತಿದೆ. ಹೇಗೆ ನಿಲ್ಲಿಸಲಿ?

ಮೊದಲು ಹಿನ್ನೆಲೆ ಪ್ರೋಗ್ರಾಂ ನಿಲ್ಲಿಸಿ, ಅಲ್ಲಿಗೆ ತಂತ್ರಾಂಶದಿಂದ ಹೊಸ ಮೇಲ್ ಹೊರಡುವುದು ನಿಲ್ಲುತ್ತದೆ. ಈಗಾಗಲೇ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್‌ಗೆ ಒಪ್ಪಿಸಿದವು ಅದರ ಸರದಿಯಲ್ಲಿರುತ್ತವೆ. ಅವೆಲ್ಲವನ್ನೂ ಪೋಸ್ಟ್‌ಸೂಪರ್ ಆದೇಶದಿಂದ ತಡೆಹಿಡಿಯಿರಿ, ಅಳಿಸಬೇಡಿ. ಅವುಗಳ ನಡುವೆ ಯಾರದೋ ಪಾಸ್‌ವರ್ಡ್ ರೀಸೆಟ್ ಮೇಲ್ ಕೂಡ ಇರಬಹುದು. ನೋಡಿ, ಬೇಕಾದ್ದನ್ನು ಹೋಗಲು ಬಿಟ್ಟು, ಉಳಿದದ್ದನ್ನು ಅಳಿಸಿ. ಇದನ್ನು ಮುಂದೂಡಬೇಡಿ. ಎದುರು ಸರ್ವರ್ ತಾತ್ಕಾಲಿಕವಾಗಿ ನಿರಾಕರಿಸಿದ ಮೇಲನ್ನು ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 5 ದಿನ ಮತ್ತೆಮತ್ತೆ ಕಳಿಸಲು ನೋಡುತ್ತದೆ. ಎದುರಿನ ಸರ್ವರ್ ಸ್ವೀಕರಿಸಿದ ಮೇಲನ್ನು ಮಾತ್ರ ವಾಪಸ್ ಪಡೆಯಲಾಗದು. ಸದಸ್ಯರಿಗೆ ಒಂದೇ ಒಂದು ಮೇಲ್‌ನಲ್ಲಿ ವಿಷಯ ತಿಳಿಸಿ.

ತಂತ್ರಾಂಶದೊಳಗಿನ ಸರದಿಯನ್ನೂ ಖಾಲಿ ಮಾಡಿದ ಮೇಲಷ್ಟೇ ಪ್ರೋಗ್ರಾಂ ಮತ್ತೆ ಚಾಲೂ ಮಾಡಿ, ಇಲ್ಲವಾದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಮುಂದಿನ ಸಲ ತುಂಬುವ ಮೊದಲು ನೋಟಿಫಿಕೇಶನ್ ಆಫ್ ಮಾಡಿಡಿ. ರೆಡ್‌ಮೈನ್‌ನ ಸಿಎಸ್‌ವಿ ಆಮದಿನಲ್ಲಿ ಇದಕ್ಕೆಂದೇ ಒಂದು ಚೌಕವಿದೆ, ಗುರುತು ಹಾಕದೆ ಬಿಟ್ಟರಾಯಿತು. ಅಭ್ಯಾಸಕ್ಕೆ ಅಸಲಿ ವ್ಯವಸ್ಥೆಯ ಪ್ರತಿ ಮಾಡಿಕೊಂಡಾಗ, ಅದರಲ್ಲಿ ಅಸಲಿ ಸದಸ್ಯರ ವಿಳಾಸಗಳೂ ಅಸಲಿ ಮೇಲ್ ಪಾಸ್‌ವರ್ಡೂ ಬಂದಿರುತ್ತವೆ ಎಂಬುದು ನೆನಪಿರಲಿ. ಪ್ರತಿಯನ್ನು ಚಾಲೂ ಮಾಡುವ ಮುನ್ನವೇ ಎಸ್‌ಎಂಟಿಪಿಯನ್ನು ಮೇಲ್‌ಪಿಟ್‌ನಂಥ ಸಾಧನಕ್ಕೆ ತಿರುಗಿಸಿ. ಅದು ಪೋರ್ಟ್ 1025ರಲ್ಲಿ ಮೇಲ್ ಹಿಡಿದಿಟ್ಟುಕೊಂಡು 8025ರಲ್ಲಿ ಬ್ರೌಸರ್‌ನಲ್ಲಿ ತೋರಿಸುತ್ತದೆ. ಹೊರಗೆ ಕಳಿಸು ಎಂದು ನೀವೇ ಹೇಳುವವರೆಗೆ ಒಂದನ್ನೂ ಹೊರಗೆ ಬಿಡುವುದಿಲ್ಲ.