ಹೌಸಿಂಗ್ ಬಿಸಿಯಾಗುತ್ತದೆ, ಗೇಜ್ ಹಾಕಿಸಲೇ?

10 ಚಕ್ರದ ಟಿಪ್ಪರ್, ಹಿಂದಿನ ಎರಡೂ ಆಕ್ಸಲ್ ಎಳೆಯುವಂಥದ್ದು. ಪಣಂಬೂರಿನಲ್ಲಿ ಲೋಡ್ ಮಾಡಿ ಶಿರಾಡಿ ಹತ್ತಿ ಮಾರನಹಳ್ಳಿಯಲ್ಲಿ ನಿಲ್ಲಿಸಿದರೆ ಡಿಫರೆನ್ಶಿಯಲ್ ಹೌಸಿಂಗ್, ಅಂದರೆ ಹಿಂದಿನ ಆಕ್ಸಲ್ ನಡುವೆ ಗೇರುಗಳಿರುವ ಉಬ್ಬಿದ ಡಬ್ಬಿ, ಮುಟ್ಟಲಾಗುವುದಿಲ್ಲ, ಅದರ ಮೂತಿಯಲ್ಲಿ ಎಣ್ಣೆ ತಡೆಯುವ ಪಿನಿಯನ್ ಸೀಲ್ ಹೊಸದು ಹಾಕಿದರೂ ಮತ್ತೆ ಜಿನುಗುತ್ತದೆ, ಟೆಂಪರೇಚರ್ ಗೇಜ್ ಹಾಕಿಸಿ 140 ನಂಬರ್ ಆಯಿಲ್ ತುಂಬಿಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ನನ್ನ ಗಾಡಿಯದೂ ಒಂದು ಕಾಲಕ್ಕೆ ಇದೇ ಜಾತಕ. ಅದಕ್ಕೇ ನೇರವಾಗಿ ಹೇಳುತ್ತೇನೆ: ಗೇಜ್ ಆಮೇಲೆ. ಮೊದಲು ಹೌಸಿಂಗ್ ನೆತ್ತಿಯ ಮೇಲೆ ಗಾಳಿ ಆಡಲು ಇರುವ ಬ್ರೀದರ್ ಬಿಚ್ಚಿ ನೋಡಿ.

ಕೈ ಸುಡುತ್ತದೆ ಎಂಬುದು ಅಳತೆಯೇ ಅಲ್ಲ. 60 ಡಿಗ್ರಿ ದಾಟಿದ ಕಬ್ಬಿಣದ ಮೇಲೆ ಯಾರ ಕೈಯೂ ನಿಲ್ಲದು. ಲೋಡಿನಲ್ಲಿ ಘಾಟಿ ಹತ್ತಿ ಬಂದ ಡಿಫರೆನ್ಶಿಯಲ್ ಆಯಿಲ್ 80ರಿಂದ 105 ಡಿಗ್ರಿ ಇದ್ದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಒಳಗಿನ ದೊಡ್ಡ ಗೇರು ಕ್ರೌನ್, ಅದನ್ನು ತಿರುಗಿಸುವ ಚಿಕ್ಕ ಗೇರು ಪಿನಿಯನ್. ಇವುಗಳ ಹಲ್ಲುಗಳು ಬರೀ ಉರುಳುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಜಾಯಿಂಟಿನಿಂದ (ಪ್ರೊಪೆಲ್ಲರ್ ಶಾಫ್ಟಿನಿಂದ) 100 ಕಿಲೋವ್ಯಾಟ್ ಒಳಗೆ ಹೋಗಿ ಅದರಲ್ಲಿ ನೂರಕ್ಕೆ 4 ಪಾಲು ಶಾಖವಾಯಿತು ಎನ್ನಿ, 1,000 ವ್ಯಾಟಿನ ನಾಲ್ಕು ಇಸ್ತ್ರಿಪೆಟ್ಟಿಗೆಗಳನ್ನು ಹೌಸಿಂಗ್ ಒಳಗಿಟ್ಟು ಉರಿಸಿದ ಹಾಗಾಯಿತು. ಬಿಸಿಯಾಗದೆ ಇನ್ನೇನು?

ಈಗ ಬ್ರೀದರ್. ಹೆಬ್ಬೆರಳಿನ ಉಗುರಿನಷ್ಟು ಟೊಪ್ಪಿಗೆಯ ಸಣ್ಣ ಸಾಮಾನು, ಅದರ ಹೆಸರಿನಲ್ಲಿ ಎಷ್ಟು ದುಡ್ಡು ಹಾಳಾಗುತ್ತದೆಂದು ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಟಯರ್ ಎರಚಿದ ಕೆಸರು ಅದರ ಸುತ್ತ ಒಣಗಿ ಕಲ್ಲಾಗುತ್ತದೆ, ಟೊಪ್ಪಿ ಅಂಟಿಕೊಳ್ಳುತ್ತದೆ. ಹೌಸಿಂಗ್ ಒಳಗಿನ ಗಾಳಿ 30 ಡಿಗ್ರಿಯಿಂದ 100 ಡಿಗ್ರಿಗೆ ಏರಿದಾಗ ಹೊರಹೋಗಲು ದಾರಿ ಇಲ್ಲದಿದ್ದರೆ ಒತ್ತಡ ಸುಮಾರು 0.23 ಬಾರ್ ಹೆಚ್ಚುತ್ತದೆ, ಅಂದರೆ ಚದರ ಇಂಚಿಗೆ 3 ಪೌಂಡಿಗೂ ಸ್ವಲ್ಪ ಮೇಲೆ. ಆಯಿಲ್ ಸೀಲಿನ ತುಟಿ ಇರುವುದು ಎರಚುವ ಎಣ್ಣೆಯನ್ನು ತಡೆಯಲು, ಒತ್ತಡ ಹಿಡಿಯಲು ಅಲ್ಲ. ಹಾಗಾಗಿ ಎಣ್ಣೆ ಪಿನಿಯನ್ ಸೀಲಿನಲ್ಲಿ ಹೊರಗೆ ಬರುತ್ತದೆ, ಇಲ್ಲವೇ ಚಕ್ರದ ಹಬ್ಬಿಗೆ ನುಗ್ಗಿ ಗ್ರೀಸು ತೊಳೆದು ಬ್ರೇಕ್ ಲೈನರ್ ನೆನೆಸುತ್ತದೆ.

ಇಲ್ಲಿಂದಲೇ ಎಡವಟ್ಟು ಶುರು. ಸೀಲು ಹೋಯಿತೆಂದು ಹೊಸದು ಹಾಕುತ್ತಾರೆ. ಒತ್ತಡ ಹಾಗೇ ಇದೆ, ಅದೂ ಜಿನುಗುತ್ತದೆ. ಕಂಪನಿ ಸೀಲೇ ಸರಿಯಿಲ್ಲ ಎಂದು ಮೇಲೆ ಗಮ್ ಮೆತ್ತುತ್ತಾರೆ. ಸೀಲು ಬದಲಿಸುವಾಗೆಲ್ಲ ಪಿನಿಯನ್ ನಟ್ ಬಿಚ್ಚಲೇಬೇಕು. ಟಾರ್ಕ್ ರೆಂಚ್ ಇಲ್ಲದೆ ಪೈಪು ಸಿಕ್ಕಿಸಿ ಅಂದಾಜಿನಲ್ಲಿ ಬಿಗಿದು ನಟ್ ಸಡಿಲ ಉಳಿದರೆ ಪಿನಿಯನ್ ಬೇರಿಂಗ್ ಅಲುಗದಂತೆ ಹಿಡಿದಿಡುವ ಬಿಗಿ, ಅಂದರೆ ಪ್ರೀಲೋಡ್, ಹೋಗುತ್ತದೆ. ಪಿನಿಯನ್ ಅಲುಗಾಡುತ್ತದೆ, ಸೀಲಿನ ತುಟಿ ಒಂದು ಬದಿ ತಿನ್ನುತ್ತದೆ, ಮತ್ತೆ ಸೋರಿಕೆ. ಅಷ್ಟರಲ್ಲಿ ಜಾಯಿಂಟ್ ಕೂಡುವ ಫ್ಲಾಂಜಿನ ಮೇಲೆ ತುಟಿ ಕೂರುವ ಜಾಗದಲ್ಲಿ ಉಗುರಿಗೆ ತಾಗುವಂಥ ಗೆರೆ ಬಿದ್ದಿರುತ್ತದೆ. ಆ ಗೆರೆ ಬಿದ್ದ ಮೇಲೆ ಎಂಥ ಸೀಲು ತಂದರೂ ನಿಲ್ಲದು, ಫ್ಲಾಂಜ್ ಬದಲಿಸಬೇಕು ಅಥವಾ ಅದರ ಮೇಲೆ ತೆಳು ಬಳೆ (ಸ್ಲೀವ್) ಹಾಕಿಸಬೇಕು.

ಈ ನಡುವೆ ಎಣ್ಣೆಯ ಲೆವೆಲ್ ಇಳಿಯುತ್ತಲೇ ಇರುತ್ತದೆ, ಅದರ ಏಟು ಬೀಳುವುದು ಏರಿನಲ್ಲೇ. ಪಿನಿಯನ್ನಿನ ಮುಂದಿನ ಬೇರಿಂಗಿಗೆ ಎಣ್ಣೆ ಸಿಗುವುದು ಕ್ರೌನ್ ಎರಚಿದರೆ ಮಾತ್ರ. ಏರಿನಲ್ಲಿ ಗಾಡಿಯ ಮೂತಿ ಮೇಲೆ, ಜೊತೆಗೆ ಪಿನಿಯನ್ ಮೂತಿಯೂ ಮೇಲೆ. ಕ್ರೌನಿಗಿಂತ ಆ ಬೇರಿಂಗ್ 30 ಸೆಂ.ಮೀ. ಮುಂದಿದ್ದರೆ, ನೂರಕ್ಕೆ 8ರ ಏರಿನಲ್ಲಿ ಅದು 2.4 ಸೆಂ.ಮೀ. ಎತ್ತರದಲ್ಲಿರುತ್ತದೆ, ಎಣ್ಣೆ ಹಿಂದಕ್ಕೆ ಸರಿದಿರುತ್ತದೆ. ಸಮತಟ್ಟಿನಲ್ಲಿ ಒಂದಿಂಚು ಕಡಿಮೆ ಇದ್ದದ್ದು ಘಾಟಿಯಲ್ಲಿ ಎರಡಿಂಚು ಕಡಿಮೆ ಇದ್ದ ಹಾಗೆ. ಮೊದಲು ಬೇರಿಂಗ್ ನೀಲಿಯಾಗುತ್ತದೆ, ಆಮೇಲೆ ಪಿನಿಯನ್ ಜಾಗ ಬಿಡುತ್ತದೆ, ಕೊನೆಗೆ ಹಲ್ಲು. ಕ್ರೌನ್-ಪಿನಿಯನ್ ಜೋಡಿಯಾಗಿಯೇ ಬರುತ್ತದೆ, ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಹಾಕಲಾಗದು. ನನ್ನ ಜೇಬು ಬರಿದಾದದ್ದು ಇಲ್ಲೇ.

ಗಾಡಿ ತಣಿದಾಗ ಇದೇ ಕಥೆ ಉಲ್ಟಾ. ಬಿಸಿ ಹೌಸಿಂಗ್ ಮೇಲೆ ಸರ್ವಿಸ್ ಸ್ಟೇಷನ್ನಿನ ನೀರು ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ಕಟ್ಟಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ ಆ ದಿನವೇ ಇಳಿಸಿ. ಕುದ್ದು ಹೋಗುತ್ತದೆ ಬಿಡಿ ಎನ್ನುವವರ ಮಾತು ಕೇಳಬೇಡಿ, ನೀರು ಹೋಗುವ ಮೊದಲೇ ಬೇರಿಂಗಿನಲ್ಲಿ ಗುಳಿ ಬಿದ್ದಿರುತ್ತದೆ.

ಪರೀಕ್ಷೆ ಸುಲಭ. ಓಡಿಸಿ ಬಂದು ಅರ್ಧ ಗಂಟೆ ಬಿಟ್ಟು, ಕೈಗವಸು ಹಾಕಿ, ಮುಖ ಪಕ್ಕಕ್ಕಿಟ್ಟು ಫಿಲ್ಲರ್ ಪ್ಲಗ್ ನಿಧಾನ ಸಡಿಲಿಸಿ. ಬುಸ್ ಎಂದು ಗಾಳಿ ಬಂದರೆ ಬ್ರೀದರ್ ಕಟ್ಟಿದೆ. ಬ್ರೀದರ್ ಬಿಚ್ಚುವ ಮುಂಚೆ ಸುತ್ತಲಿನ ಮಣ್ಣು ಒರೆಸಿ, ಇಲ್ಲದಿದ್ದರೆ ಅದು ನೇರ ಕ್ರೌನ್ ಮೇಲೆ ಬೀಳುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಗಾಳಿ ಊದಿ, ಟೊಪ್ಪಿ ಬೆರಳಿಗೆ ಸಲೀಸಾಗಿ ತಿರುಗಬೇಕು. ಹೊಳೆ ಮರಳು, ಕೆಸರಿನ ಕೆಲಸಕ್ಕೆ ಹೋಗುವ ಗಾಡಿಯಾದರೆ ಬ್ರೀದರ್ ಜಾಗಕ್ಕೆ ನಿಪ್ಪಲ್ ಹಾಕಿ, ರಬ್ಬರ್ ಪೈಪನ್ನು ಚಾಸಿಸ್ ಎತ್ತರಕ್ಕೆ ಒಯ್ದು ಅಲ್ಲಿ ಬ್ರೀದರ್ ಕೂರಿಸಿ.

ಲೆವೆಲ್ ನೋಡುವುದು ಸಮತಟ್ಟು ನೆಲದಲ್ಲಿ. ಬೆರಳು ತೂರಿಸಿ ಎಣ್ಣೆ ತಾಗಿತೆಂದು ಪ್ಲಗ್ ಮುಚ್ಚುವವರೇ ಹೆಚ್ಚು. ತಾಗಿದರೆ ಸಾಲದು, ತೂತಿನ ಕೆಳ ಅಂಚಿಗೆ ಸಮನಾಗಿ ನಿಂತಿರಬೇಕು. ತುಂಬಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ದಪ್ಪ ಎಣ್ಣೆ ಆಕ್ಸಲ್ ಕೊಳವೆಯೊಳಗೆ ಹರಡಲು ಹೊತ್ತು ಬೇಕು. ಹೆಚ್ಚು ತುಂಬಿದರೂ ಕೇಡೇ: ಕ್ರೌನ್ ಅದನ್ನು ಕಡೆದು ನೊರೆ ಮಾಡುತ್ತದೆ, ಬಿಸಿ ಏರುತ್ತದೆ. ನಿಮ್ಮದು ಹಬ್ಬಿನೊಳಗೂ ಗೇರುಗಳಿರುವ ಹಬ್ ರಿಡಕ್ಷನ್ ಗಾಡಿಯಾದರೆ ಹಬ್ಬುಗಳ ಲೆವೆಲ್ ಬೇರೆ, ಪ್ಲಗ್ ಬೇರೆ, ಅದನ್ನು ಮರೆಯಬೇಡಿ.

140 ನಂಬರ್ ಹಾಕಿದರೆ ತಂಪಾಗುತ್ತದೆ ಎಂಬುದು ಗ್ಯಾರೇಜಿನ ನಂಬಿಕೆ. 100 ಡಿಗ್ರಿಯಲ್ಲಿ 90 ನಂಬರಿನ ಎಣ್ಣೆ 13.5ರಿಂದ 18.5 ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪದ ಅಳತೆ) ಒಳಗೆ ಇರಬೇಕು, 140 ನಂಬರಿನದು 24ರಿಂದ 32.5. ದಪ್ಪ ಹೆಚ್ಚಾದಷ್ಟೂ ಹಲ್ಲಿನ ನಡುವಿನ ಪದರ ಗಟ್ಟಿ, ನಿಜ, ಆದರೆ ಕಡೆಯುವ ಶ್ರಮವೂ ಹೆಚ್ಚು. ಗಾಡಿಯ ಮ್ಯಾನ್ಯುಯಲ್ 85 ಡಬ್ಲ್ಯೂ 140 ಹೇಳಿದ್ದರೆ ಅದನ್ನೇ ಹಾಕಿ, 80 ಡಬ್ಲ್ಯೂ 90 ಹೇಳಿದ್ದರೆ ಅದನ್ನು. ಎರಡರಲ್ಲೂ ಡಬ್ಬಿಯ ಮೇಲೆ ಜಿಎಲ್-5 ಎಂಬ ದರ್ಜೆ ಇರಲೇಬೇಕು. ಜಿಎಲ್-4 ಗೇರ್‌ಬಾಕ್ಸಿಗೆ ಸರಿ, ಹಲ್ಲು ಜೋರಾಗಿ ಜಾರುವ ಹೈಪಾಯ್ಡ್ ಕ್ರೌನಿಗೆ ಅಲ್ಲ. ಎಣ್ಣೆ ಇಳಿಸುವುದು ಬಿಸಿ ಇದ್ದಾಗ. ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ನುಣ್ಣನೆಯ ಬೂದು ಲೇಪ ಹತ್ತಿದ್ದರೆ ಸಹಜ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಕವರ್ ಬಿಚ್ಚಿಸಿ.

ಬ್ರೀದರ್, ಲೆವೆಲ್ ಸರಿಯಿದ್ದೂ ಬಿಸಿ ಜಾಸ್ತಿಯಾದರೆ ಟಯರ್ ಅಳೆಯಿರಿ. ಎರಡು ಆಕ್ಸಲ್ಲಿನ ಟಯರ್ ಸುತ್ತಳತೆ 19 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದು ಆಕ್ಸಲ್ಲಿಗೆ ಹೊಸ 10.00-20 ಹಾಕಿ ಇನ್ನೊಂದರಲ್ಲಿ 12 ಮಿ.ಮೀ. ಸವೆದದ್ದು ಬಿಟ್ಟರೆ ಸುತ್ತಳತೆಯಲ್ಲಿ ಸುಮಾರು 75 ಮಿ.ಮೀ. ಫರಕು, ಕಿಲೋಮೀಟರಿಗೆ 7 ಸುತ್ತು. ಅಷ್ಟನ್ನೂ ಎರಡು ಆಕ್ಸಲ್ ನಡುವಿನ ಡಿಫರೆನ್ಶಿಯಲ್ ನೇರ ರಸ್ತೆಯಲ್ಲೂ ತೇಯುತ್ತಾ ಸರಿದೂಗಿಸಬೇಕು.

ಇಷ್ಟೆಲ್ಲ ಆದ ಮೇಲೂ ಗೇಜ್ ಬೇಕೆಂದರೆ ಹಾಕಿಸಿ, ಬೇಡ ಎನ್ನುವುದಿಲ್ಲ. 150 ಡಿಗ್ರಿವರೆಗೆ ತೋರಿಸುವಂಥದ್ದು ಇರಲಿ, ಸೆನ್ಸರ್ ಮತ್ತು ಗೇಜ್ ಒಂದೇ ಜೋಡಿಯದಾಗಿರಲಿ. ಸೆನ್ಸರ್ ತುದಿ ಸದಾ ಎಣ್ಣೆಯಲ್ಲಿ ಮುಳುಗಿರಬೇಕು. ಮೇಲೆ ಹಾಕಿದರೆ ಎಣ್ಣೆ ಸೋರಿ ಲೆವೆಲ್ ಇಳಿದಾಗ ಅದು ಗಾಳಿಯ ಬಿಸಿ ತೋರಿಸುತ್ತದೆ. ಬೇರಿಂಗ್ ಸುಡುತ್ತಿರುವಾಗ ಮುಳ್ಳು ಕೆಳಗಿರುತ್ತದೆ. ಡ್ರೈನ್ ಪ್ಲಗ್ಗಿನಲ್ಲಿ ಹಾಕಿದರೆ ಕಲ್ಲು ಬಡಿದು ಮುರಿಯುತ್ತದೆ. ಹೌಸಿಂಗ್ ಬದಿಯಲ್ಲಿ, ಲೆವೆಲ್ಲಿಗಿಂತ ಕೆಳಗೆ ಖಾಲಿ ಪ್ಲಗ್ ಇದ್ದರೆ ಅದೇ ಜಾಗ. ವೈರಿಗೆ ಕೊಳವೆ ಹಾಕಿ, ಆಕ್ಸಲ್ ಮೇಲೆ ಕೆಳಗೆ ಆಡುವಷ್ಟು ಸಡಿಲ ಬಿಡಿ. ಮಿನರಲ್ ಎಣ್ಣೆಯಲ್ಲಿ ಮುಳ್ಳು 120 ದಾಟಿ ನಿಂತರೆ ವೇಗ ಇಳಿಸಿ, ಆದರೂ ಇಳಿಯದಿದ್ದರೆ ನಿಲ್ಲಿಸಿ. ಇದಕ್ಕಿಂತ ಉಪಯೋಗದ್ದು ನಿಮ್ಮ ಗಾಡಿಯದೇ ಲೆಕ್ಕ: ಅದೇ ಲೋಡು, ಅದೇ ಘಾಟಿ, ಎಂದಿಗಿಂತ 15 ಡಿಗ್ರಿ ಹೆಚ್ಚಾದರೆ ಏನೋ ಬದಲಾಗಿದೆ. ಎಳೆಯುವ ಎರಡು ಆಕ್ಸಲ್‌ಗಳಲ್ಲಿ ಮುಂದಿನದು ಹಿಂದಿನದಕ್ಕಿಂತ ಸ್ವಲ್ಪ ಬಿಸಿ ಇರುವುದು ಸಹಜ, ಅದರಲ್ಲಿ ಗೇರು ಹೆಚ್ಚು.

ನನ್ನ ಕೇಳಿದರೆ ಒಂದು ಇನ್‌ಫ್ರಾರೆಡ್ ಗನ್ ಸಾಕು. ಹೌಸಿಂಗ್ ಮೇಲೆ ಮಸುಕು ಕಪ್ಪು ಬಣ್ಣ ಬಳಿದು ಗುರುತು ಮಾಡಿ, ಯಾವಾಗಲೂ ಅಲ್ಲೇ ಹಿಡಿಯಿರಿ. ಹೊಳೆಯುವ ಲೋಹದ ಮೇಲೆ ಅದು ಸುಳ್ಳು ಹೇಳುತ್ತದೆ. ಪಿನಿಯನ್ ಮೂತಿ, ಹೌಸಿಂಗ್ ಹೊಟ್ಟೆ, ನಾಲ್ಕೂ ಹಬ್ಬು ನೋಡಿ. ಒಂದೇ ಹಬ್ಬು ಕಾದಿದ್ದರೆ ಡಿಫರೆನ್ಶಿಯಲ್ ತಂಟೆಗೆ ಹೋಗಬೇಡಿ, ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಹಬ್ ಬೇರಿಂಗ್ ಹೋಗಿದೆ.

ಗೇಜಿಗೂ ಗನ್ನಿಗೂ ಸಿಗದ ಒಂದು ಬಿಸಿ ಇದೆ. ಕೆಸರಿನಲ್ಲಿ ಒಂದು ಬದಿ ಚಕ್ರ ಸುಮ್ಮನೆ ತಿರುಗಿ ಇನ್ನೊಂದು ನಿಂತಾಗ, ತಿರುಗುವ ಚಕ್ರದ ವೇಗ ಕ್ರೌನಿನ ಎರಡರಷ್ಟು, ಡಿಫರೆನ್ಶಿಯಲ್ ಒಳಗಿನ ಚಿಕ್ಕ ಗೇರುಗಳಾದ ಸ್ಟಾರ್ ಪಿನಿಯನ್‌ಗಳು ತಮ್ಮ ಗೂಟದ ಮೇಲೆ ಎಣ್ಣೆಯಿಲ್ಲದೆ ಗಿರಗಿರ. ಹೊಟ್ಟೆಯ ಎಣ್ಣೆಗೆ ಬಿಸಿ ತಲುಪುವ ಮೊದಲೇ ಗೂಟಕ್ಕೆ ಸ್ಟಾರ್ ಕಚ್ಚಿಕೊಂಡಿರುತ್ತದೆ. ಆಕ್ಸಿಲರೇಟರ್ ಒತ್ತಬೇಡಿ. ಚಕ್ರ ಪೂರ್ತಿ ನಿಂತ ಮೇಲೆ ಎರಡೂ ಬದಿ ಚಕ್ರಗಳನ್ನು ಒಂದಾಗಿ ತಿರುಗಿಸುವ ಡಿಫ್ ಲಾಕ್ ಹಾಕಿ ಹೊರಗೆ ಬನ್ನಿ, ಗಟ್ಟಿ ನೆಲ ಸಿಕ್ಕ ಕೂಡಲೇ ತೆಗೆಯಿರಿ. ಲಾಕ್ ಹಾಕಿಕೊಂಡೇ ತಾರು ರಸ್ತೆಯಲ್ಲಿ ತಿರುವು ತೆಗೆದರೆ ಮುರಿಯುವುದು ಆಕ್ಸಲ್ ಶಾಫ್ಟು.