‘ಅನಾದಿ’ಯಲ್ಲದ ಕುಕಂ

ಮಾನ್ಯರೇ,

ಕಳೆದ ಸಂಚಿಕೆಯ ಪ್ರವಾಸ ಲೇಖನದಲ್ಲಿ, ಇಂಗ್ಲೆಂಡಿನ ಥೇಮ್ಸ್ ನದಿಯ ದಡದಲ್ಲಿರುವ ಕುಕಂ ಗ್ರಾಮವನ್ನು ‘ಅನಾದಿಕಾಲದಿಂದಲೂ ದೋಣಿವಿಹಾರಕ್ಕೆ ಹೆಸರಾದ ಹಳ್ಳಿ’ ಎಂದದ್ದನ್ನು ಆಕ್ಷೇಪಿಸಿ, ವಿಹರಿಸಿದವರು ಯಾರು, ದೋಣಿಯ ಹುಟ್ಟು ಹಾಕಿದವರು ಯಾರು ಎಂದು ಕೇಳಿದ್ದೀರಿ. ಆಕ್ಷೇಪ ಸರಿಯಾಗಿದೆ. ಆ ‘ಅನಾದಿ’ಯನ್ನು ಸೇರಿಸಿದವರು ಲೇಖಕರಲ್ಲ, ನಾವೇ.

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಆ ನದಿ ಮುಖ್ಯವಾಗಿ ದುಡಿಮೆಯ ದಾರಿಯಾಗಿತ್ತು. ಧಾನ್ಯ, ಮಾಲ್ಟ್, ಮರಮುಟ್ಟು ಹೇರಿಕೊಂಡ ದೊಡ್ಡ ದೋಣಿಗಳು ಲಂಡನ್ನಿಗೆ ಹೋಗುತ್ತಿದ್ದವು. ದಡದ ಮೇಲಿನಿಂದ ಹಗ್ಗ ಕಟ್ಟಿ ದೋಣಿಗಳನ್ನು ಎಳೆಯಲು ಕುದುರೆಗಳಿದ್ದವು. ಎಳೆದಾರಿ ಕುಕಂ ಬಳಿ ಒಂದು ದಡ ಬಿಟ್ಟು ಇನ್ನೊಂದು ದಡ ಹಿಡಿಯುತ್ತಿದ್ದುದರಿಂದ, ಕುದುರೆಗಳನ್ನೇ ಹತ್ತಿಸಿಕೊಂಡು ಹೊಳೆ ದಾಟಿಸುವ ದೋಣಿಗಳು ಅಲ್ಲಿ ಬೇಕಾದವು. ಮೇಲಿನ ನೀರಿಗೂ ಕೆಳಗಿನ ನೀರಿಗೂ ನಡುವೆ ದೋಣಿಯನ್ನು ಏರಿಸಿ ಇಳಿಸುವ ಲಾಕ್ ಇಲ್ಲಿ ಕೆಲಸ ಮಾಡತೊಡಗಿದ್ದು 1830ರಲ್ಲಿ.

1854ರಲ್ಲಿ ಮೇಡನ್‌ಹೆಡ್ ಕಡೆಯಿಂದ ಕುಕಂಗೆ ರೈಲು ಬಂತು. ಹೊಳೆಯ ಸರಕನ್ನು ಕಸಿದುಕೊಂಡ ರೈಲೇ, ಭಾನುವಾರ ಬಿಡುವಿದ್ದ ಲಂಡನ್ನಿನ ಜನರನ್ನು ಹೊಳೆಗೆ ತಂದು ಇಳಿಸಿತು. ವಿಹಾರದ ಗದ್ದಲ ಎಷ್ಟಾಯಿತೆಂದರೆ, ಥೇಮ್ಸ್ ನದಿಯನ್ನು ಸಾರ್ವಜನಿಕ ವಿಹಾರಕ್ಕಾಗಿ ಕಾಪಾಡಬೇಕೆಂದು 1885ರಲ್ಲಿ ಪಾರ್ಲಿಮೆಂಟು ಕಾಯ್ದೆಯನ್ನೇ ಮಾಡಿತು. ನೀವು ಹಳೆಯ ಚಿತ್ರಗಳಲ್ಲಿ ಕಂಡಿರುವ ಬಿಳಿಯ ಉಡುಪಿನ ದೋಣಿವಿಹಾರಿಗಳು ಈ ಕಾಲದವರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ದೋಣಿ ಕಟ್ಟುವುದು, ಬಾಡಿಗೆಗೆ ಕೊಡುವುದು, ಚಳಿಗಾಲದಲ್ಲಿ ರಿಪೇರಿ ಮಾಡುವುದು ಊರಿನವರ ಕಸುಬಾಯಿತು. ಪ್ರತಿ ಜುಲೈಯಲ್ಲಿ ರಾಜಮನೆತನದ ಮತ್ತು ಲಂಡನ್ನಿನ ಎರಡು ಹಳೆಯ ವರ್ತಕ ಸಂಘಗಳ ಪರವಾಗಿ ಹಂಸಗಳನ್ನು ಹಿಡಿದು ಎಣಿಸುವ ಪದ್ಧತಿಯೂ ಇಂಥ ದೋಣಿಗಾರರ ಕೈಯಲ್ಲೇ ನಡೆದದ್ದು. (ವಿಹಾರಕ್ಕಿಂತ ಇದಕ್ಕೇ ‘ಅನಾದಿ’ ಹೆಚ್ಚು ಒಪ್ಪೀತು, ಅದು ಮಧ್ಯಯುಗದ ಪದ್ಧತಿ.) 1891ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಚಿತ್ರಕಾರ ಸ್ಟ್ಯಾನ್ಲಿ ಸ್ಪೆನ್ಸರ್ 1915ರಲ್ಲಿ ಈ ಹಂಸ ಹಿಡಿಯುವ ದೃಶ್ಯವನ್ನು ಬರೆಯತೊಡಗಿ, ನಡುವೆ ಯುದ್ಧಕ್ಕೆ ಹೋಗಿ, ಮರಳಿ ಬಂದು 1919ರಲ್ಲಿ ಮುಗಿಸಿದರು. ಅದರಲ್ಲಿ ವಿಹಾರಿಗಳಿಗಿಂತ ದುಡಿಯುವವರೇ ಎದ್ದು ಕಾಣುತ್ತಾರೆ.

ಕುಕಂನ ದೋಣಿ ಸ್ಪರ್ಧೆಯ ದಿನ ಕ್ರಿಸ್ತ ಬಂದು ಬೋಧಿಸುವ ಅವರ ದೊಡ್ಡ ಚಿತ್ರ 1959ರಲ್ಲಿ ಅವರು ತೀರಿಕೊಂಡಾಗ ಅಪೂರ್ಣವಾಗಿಯೇ ಉಳಿಯಿತು. ಸುತ್ತಲೂ ಸೊಗಸುಗಾರರ ದೋಣಿಗಳು. ಕ್ರಿಸ್ತ ಕೂತಿರುವುದು ಮಾತ್ರ ಕುದುರೆಗಳನ್ನು ದಾಟಿಸುತ್ತಿದ್ದ ಆ ಹಳೆಯ ದೋಣಿಯಲ್ಲಿ.

— ಸಂಪಾದಕ