ಬೆಳಗಿನ ಎರಡು ತಾಸನ್ನು ಯಾರಿಗೂ ಕೊಡಬೇಡಿ

ಪ್ರಶ್ನೆ: ನನಗೆ 29 ವರ್ಷ. ಧಾರವಾಡದಲ್ಲಿ ಹದಿನಾಲ್ಕು ವರ್ಷಗಳಿಂದ ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ಗುರುಗಳ ಬಳಿ ಹಿಂದೂಸ್ತಾನಿ ಸಂಗೀತದ ಖಯಾಲ್ ಗಾಯನ ಕಲಿಯುತ್ತಿದ್ದೇನೆ. ಆಕಾಶವಾಣಿ ಕಲಾವಿದರಿಗೆ ಕೊಡುವ ದರ್ಜೆಗಳಲ್ಲಿ ‘ಎ’ಗಿಂತ ಕೆಳಗಿನ ‘ಬಿ ಹೈ’ ಸಿಕ್ಕಿದೆ. ವರ್ಷಕ್ಕೆ ಎಂಟು ಹತ್ತು ಕಛೇರಿಗಳಾದರೂ ತಬಲಾ, ಹಾರ್ಮೋನಿಯಂ ಸಾಥಿದಾರರಿಗೆ ಕೊಟ್ಟ ಮೇಲೆ ಏನೂ ಉಳಿಯುವುದಿಲ್ಲ. ನನ್ನ ಶ್ರುತಿ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ). ಸಂಜೆ ಮೂರು ತಾಸು ಅದಕ್ಕಿಂತ ಎತ್ತರದ ಕಪ್ಪು ಐದರಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತೇನೆ. ರಾತ್ರಿಯಾಗುವಷ್ಟರಲ್ಲಿ ದನಿ ಒಡೆಯುತ್ತದೆ. ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದ್ದು, ಒಪ್ಪಿಕೊಳ್ಳುವಂತೆ ಸೋದರಮಾವ ಒತ್ತಾಯಿಸುತ್ತಿದ್ದಾರೆ. ಒಪ್ಪಿಕೊಂಡರೆ ಗಾಯಕನಾಗುವ ಆಸೆಯನ್ನು ಬಿಟ್ಟಂತೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಕೆಲಸದ ವಿಚಾರಕ್ಕೆ ಎರಡೂವರೆ ಪುಟ ಹೋಗಿದೆ, ದನಿ ಒಡೆಯುವುದಕ್ಕೆ ಒಂದೇ ಸಾಲು. ನನ್ನನ್ನು ಚಿಂತೆಗೀಡುಮಾಡಿದ್ದು ಆ ಒಂದು ಸಾಲು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ತಂಬೂರಿಯನ್ನು ಕಪ್ಪು ಒಂದಕ್ಕೆ ಕೂಡಿಸಿಕೊಂಡು ಒಮ್ಮೆ ನೋಡಿ. ಆ ಮಕ್ಕಳ ಷಡ್ಜ ನಿಮ್ಮ ಶುದ್ಧ ಧೈವತದ ಜಾಗದಲ್ಲಿದೆ, ಅವರ ಪಂಚಮ ನಿಮ್ಮ ತಾರ ಸಪ್ತಕದ (ಮೇಲಿನ ಸ್ಥಾಯಿಯ) ಗಾಂಧಾರ. ಕಛೇರಿಯಲ್ಲಿ ಅರ್ಧ ತಾಸು ಬಢತ್ ಮಾಡಿ (ಸ್ವರ ಸ್ವರವಾಗಿ ರಾಗವನ್ನು ಬೆಳೆಸಿ), ಕೇಳುಗರನ್ನು ಕಾಯಿಸಿ, ಕಡೆಗೆ ಮುಟ್ಟುವ ಆ ಗಾಂಧಾರವನ್ನು ನೀವು ದಿನವೂ ಸಂಜೆ ಪಲ್ಟಾ (ಸ್ವರಾಭ್ಯಾಸದ ಸಾಲು) ತೋರಿಸುವ ನೆಪದಲ್ಲಿ ನೂರಾರು ಸಲ ಹಾಡುತ್ತಿದ್ದೀರಿ. ಯಾವ ಗಂಟಲೂ ಇದನ್ನು ಬಹುಕಾಲ ತಾಳಿಕೊಳ್ಳುವುದಿಲ್ಲ. ಈ ವಾರವೇ ಕಿವಿ–ಮೂಗು–ಗಂಟಲು ತಜ್ಞರಲ್ಲಿ ಧ್ವನಿತಂತುಗಳನ್ನು ಪರೀಕ್ಷೆ ಮಾಡಿಸಿಕೊಳ್ಳಿ. ಗಂಟು ಕಂಡುಬಂದರೆ ಶಸ್ತ್ರಚಿಕಿತ್ಸೆಗೆ ಅವಸರಪಡದೆ ಮೊದಲು ಧ್ವನಿ ಚಿಕಿತ್ಸೆಯ ಬಗ್ಗೆ ಕೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದಕ್ಕೆಂದೇ ತರಬೇತಾದವರಿದ್ದಾರೆ. ನಿಮ್ಮದೇ ಘರಾಣೆಯ ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಡುಸಾಯಿತು. ಆ ಬದಲಾದ ದನಿಯಲ್ಲೇ ಅವರು ಯಾರಿಗೂ ಇಲ್ಲದ ಗಾಂಭೀರ್ಯವನ್ನು ಸಾಧಿಸಿದರು. ಆದರೆ ಅದನ್ನು ನೆಚ್ಚಿಕೊಂಡು ನೀವು ಗಂಟಲನ್ನು ಪಣಕ್ಕಿಡಬಾರದು.

ಇನ್ನು ಕೆಲಸದ ಪ್ರಶ್ನೆ. ಒಪ್ಪಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಲೆಕ್ಕದ ಪುಸ್ತಕ ನಿಮ್ಮ ಗಂಟಲನ್ನು ಕೇಳುವುದಿಲ್ಲ, ಪಾಠ ಕೇಳುತ್ತದೆ. ಸಂಗೀತದ ಪಾಠವೂ ಸಂಗೀತವೇ ಅಲ್ಲವೇ ಎಂದು ನಂಬಿ, ಹಾಡುವ ಶಕ್ತಿಯನ್ನೆಲ್ಲ ಹೇಳಿಕೊಡುವುದರಲ್ಲಿ ಕಳೆದುಕೊಂಡ ಒಳ್ಳೆಯ ಗಾಯಕರನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಆ ನೋವು ಇನ್ನೂ ಹೋಗಿಲ್ಲ. ಕೆಲಸ ಮಾಡುತ್ತಲೇ ಹಾಡಿದವರೂ ಇದ್ದಾರೆ. ಖ್ಯಾತ ಖಯಾಲ್ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಧಾರವಾಡದ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿ ದುಡಿದವರು. 1910ರಲ್ಲಿ ಹುಟ್ಟಿದ ಅವರಿಗೆ ಪದ್ಮಶ್ರೀ ಬಂದದ್ದು 1970ರಲ್ಲಿ. ಖಯಾಲ್ ಗಾಯಕನಿಗೆ 29 ಎಂದರೆ ಎಳೆಯ ವಯಸ್ಸು. ಈಗ ಬೇಕಾದದ್ದು ಇನ್ನು ಇಪ್ಪತ್ತು ವರ್ಷ ಹಾಡುತ್ತಲೇ ಇರಲು ಸಾಧ್ಯವಾಗುವ ಏರ್ಪಾಡು.

ಆ ಏರ್ಪಾಡಿನ ತಿರುಳು ಬೆಳಗಿನ ಐದರಿಂದ ಏಳರವರೆಗಿನ ಹೊತ್ತು. ಬ್ಯಾಂಕು, ಮನೆ, ಮುಂದೆ ಮದುವೆಯಾದರೆ ಸಂಸಾರ, ಯಾವುದಕ್ಕೂ ಆ ಎರಡು ತಾಸನ್ನು ಬಿಟ್ಟುಕೊಡಬೇಡಿ. ವೈದ್ಯರು ಒಪ್ಪಿದ ಮೇಲೆ ಮೊದಲ ಅರ್ಧ ತಾಸು ಖರ್ಜದಲ್ಲಿ (ಕೆಳಗಿನ ಸ್ಥಾಯಿಯಲ್ಲಿ), ಮಂದ್ರದ ಪಂಚಮದವರೆಗೆ, ಮೆಲುದನಿಯಲ್ಲಿ ಸ್ವರ ಹಚ್ಚಿ. ಸ್ವರಕ್ಕಿಂತ ಮುಂಚೆ ಗಾಳಿ ಹೊರಬಂದರೆ ದನಿ ಇನ್ನೂ ದಣಿದಿದೆ ಎಂದು ತಿಳಿದು ಆ ದಿನ ತಾನ್‌ಗಳ (ವೇಗದ ಸ್ವರಗುಚ್ಛಗಳ) ಗೊಡವೆಗೆ ಹೋಗಬೇಡಿ. ಉಳಿದ ಹೊತ್ತು ಒಂದೇ ರಾಗಕ್ಕಿರಲಿ. ಉತ್ಸವಗಳಲ್ಲಿ ಕೊಡುವ ನಲವತ್ತು ನಿಮಿಷಕ್ಕೆ ಒಗ್ಗಿಹೋದ ಗಾಯನ ನಿಮ್ಮದೂ ಆಗಿರಬಹುದು. ಈ ವರ್ಷ ತೋಡಿ ರಾಗವೊಂದನ್ನೇ ಹಿಡಿದು, ವಿಲಂಬಿತದಲ್ಲಿ (ನಿಧಾನ ಲಯದಲ್ಲಿ) ಒಂದು ತಾಸು ನಿಲ್ಲುವುದನ್ನು ರೂಢಿಸಿಕೊಳ್ಳಿ. ಆಕಾಶವಾಣಿಯ ‘ಎ’ ದರ್ಜೆಯ ಧ್ವನಿ ಪರೀಕ್ಷೆಗೆ (ಆಡಿಷನ್‌ಗೆ) ಇದಕ್ಕಿಂತ ಒಳ್ಳೆಯ ಸಿದ್ಧತೆ ನನಗೆ ಗೊತ್ತಿಲ್ಲ.

ಸಂಬಳ ಬರತೊಡಗಿದ ಮೇಲೆ ಸಿಕ್ಕಸಿಕ್ಕ ಆಹ್ವಾನಕ್ಕೆಲ್ಲ ಹೂಂ ಎನ್ನುವ ಅಗತ್ಯವಿರುವುದಿಲ್ಲ. ಸಾಥಿದಾರರ ಸಂಭಾವನೆಯನ್ನು ಸಂಘಟಕರೇ ಬೇರೆಯಾಗಿ ಕೊಡಲಿ ಎಂದು ಮೊದಲ ಫೋನಿನಲ್ಲೇ ಹೇಳಿ. ನಾಲ್ವರು ಒಪ್ಪದಿದ್ದರೂ ಐದನೆಯವರು ಒಪ್ಪುತ್ತಾರೆ. ವಿದ್ಯಾರ್ಥಿಗಳ ಪೈಕಿ ನಿಜಕ್ಕೂ ಹಂಬಲವಿರುವ ಇಬ್ಬರನ್ನು ಇಟ್ಟುಕೊಂಡು ಭಾನುವಾರ ಕಲಿಸಿ, ಉಳಿದವರನ್ನು ಅವರ ಶ್ರುತಿಗೆ ಹೊಂದುವ ಗಾಯಕಿಯೊಬ್ಬರ ಬಳಿಗೆ ಪ್ರೀತಿಯಿಂದ ಕಳಿಸಿಕೊಡಿ.

ಈ ಸಂಗತಿಗಳು ಗುರುಗಳಿಗೆ ಇನ್ನೊಬ್ಬರ ಬಾಯಿಂದ ತಿಳಿಯಬಾರದು. ಮಾವನವರಿಗೆ ಉತ್ತರ ಹೇಳುವ ಮೊದಲೇ ಗುರುಗಳ ಮುಂದೆ ಕುಳಿತು ಗಂಟಲಿನ ವಿಚಾರವನ್ನೂ ಕೆಲಸದ ವಿಚಾರವನ್ನೂ ಮುಚ್ಚಿಡದೆ ತಿಳಿಸಿ. ಅವರು ಬೇಸರಪಟ್ಟುಕೊಂಡರೆ ಪರೀಕ್ಷೆಯ ವರದಿಯನ್ನು ತೋರಿಸಿ, ಪಾಠಕ್ಕೆ ಯಾವ ಹೊತ್ತಿಗೆ ಬರಲಿ ಎಂದು ಕೇಳಿ.